ಕಾಫಿಯಲ್ಲಿ ಬೆರೆಸುವ ಗುಟ್ಟಿನ ಮಾತ್ರೆ

ಗಂಡನ ಕುಡಿತದಿಂದ ನೊಂದ ಗೃಹಿಣಿಗೆ ನೆರೆಹೊರೆಯವರು ಪಿಸುಮಾತಿನಲ್ಲಿ ಹೇಳಿಕೊಡುವ ಉಪಾಯವೊಂದುಂಟು: “ಒಂದು ಮಾತ್ರೆ ಇದೆಯಂತೆ ಅಕ್ಕಾ. ಪುಡಿಮಾಡಿ ಬೆಳಗಿನ ಕಾಫಿಯಲ್ಲಿ ಕದಡಿ ಕೊಟ್ಟುಬಿಡಿ. ಅವರಿಗೆ ಗೊತ್ತೇ ಆಗುವುದಿಲ್ಲ. ಹತ್ತು ದಿನಗಳಲ್ಲಿ ಕುಡಿತವೆಂದರೆ ಹೇಸುತ್ತಾರೆ.” ವರ್ಷಗಟ್ಟಲೆ ಕಣ್ಣೀರಿಟ್ಟ ಆ ತಾಯಿಗೆ ಈ ಮಾತು ಅಮೃತದಂತೆ ಕೇಳಿಸಿದರೆ ಆಶ್ಚರ್ಯವೇನು? ಆದರೆ ಆ ಮಾತ್ರೆಯೇ ಪ್ರಾಣಕ್ಕೆ ಎರವಾಗಬಹುದೆಂದು ಆಕೆಗೆ ತಿಳಿಸುವವರು ವಿರಳ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಾತ್ರೆಯ ಕಥೆ

ಆ ಮಾತ್ರೆಯ ಹೆಸರು ಡೈಸಲ್ಫಿರಾಮ್. ಇದು ಮೂಲತಃ ರಬ್ಬರು ಕಾರ್ಖಾನೆಗಳಲ್ಲಿ ಬಳಕೆಯಾಗುತ್ತಿದ್ದ ರಾಸಾಯನಿಕ. ಇದರ ಸಂಪರ್ಕಕ್ಕೆ ಬಂದ ಕಾರ್ಮಿಕರಿಗೆ ಮದ್ಯ ಸೇವಿಸಿದೊಡನೆ ಅಸ್ವಸ್ಥತೆ ಉಂಟಾಗುವುದನ್ನು 1937ರಲ್ಲಿಯೇ ಅಮೆರಿಕದ ವೈದ್ಯರೊಬ್ಬರು ಗುರುತಿಸಿದ್ದರು. ಮುಂದೆ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಎಂಬ ಸಂಶೋಧಕರು ಹೊಟ್ಟೆಯ ಹುಳುಗಳಿಗೆ ಇದು ಮದ್ದಾದೀತೇ ಎಂದು ಪರೀಕ್ಷಿಸುತ್ತ, ತಾವೇ ಇದನ್ನು ನುಂಗಿ ನೋಡಿದರು. ಬಳಿಕ ಮದ್ಯ ಸೇವಿಸಿದಾಗ ಅವರೂ ಅಸ್ವಸ್ಥರಾದರು. ತಮ್ಮ ಅನುಭವವನ್ನು ಶಾಸ್ತ್ರೀಯವಾಗಿ ಶೋಧಿಸಿ 1948ರಲ್ಲಿ ಅವರು ಪ್ರಕಟಿಸಿದರು. ಹೀಗೆ ಹುಳುವಿನ ಮದ್ದಾಗಬೇಕಿದ್ದುದು ಕುಡಿತದ ಮದ್ದಾಯಿತು.

ದೇಹವನ್ನು ಸೇರಿದ ಮದ್ಯವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಅನಂತರ ನಿರಪಾಯಕರವಾದ ಅಸಿಟೇಟ್ ಆಗಿ ಮಾರ್ಪಡುತ್ತದೆ. ಈ ಎರಡನೆಯ ಮಾರ್ಪಾಟನ್ನು ಡೈಸಲ್ಫಿರಾಮ್ ತಡೆಯುತ್ತದೆ. ಆಗ ವಿಷವು ರಕ್ತದಲ್ಲಿ ಶೇಖರಗೊಂಡು ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ, ಇಲ್ಲವೇ ಕುಡಿದ ಪ್ರಮಾಣ ಹೆಚ್ಚಾಗಿದ್ದರೆ ಸಾವೂ ಸಂಭವಿಸಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಇದರ ಪ್ರಭಾವ ಎರಡು ವಾರಗಳವರೆಗೆ ಉಳಿಯಬಲ್ಲದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಈ ಮಾತ್ರೆ ಕುಡಿಯುವ ಆಸೆಯನ್ನು ಅಳಿಸುವುದಿಲ್ಲ. “ಮಾತ್ರೆ ನುಂಗಿದ್ದೇನೆ, ಇಂದು ಕುಡಿದರೆ ಕೇಡು” ಎಂಬ ಅರಿವೇ ರೋಗಿಯ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಗುಟ್ಟಾಗಿ ಕೊಟ್ಟಾಗ ಆ ಅರಿವೇ ಇಲ್ಲವಾಗುತ್ತದೆ. ಮದ್ದಿನ ಗುಣವನ್ನು ತೆಗೆದು ವಿಷವನ್ನಷ್ಟೇ ಉಣಿಸಿದಂತಾಗುತ್ತದೆ. ಏನೂ ಅರಿಯದವನು ಎಂದಿನಂತೆ ಸಂಜೆ ಕುಡಿಯುತ್ತಾನೆ. ಬಿದ್ದವನನ್ನು ಆಸ್ಪತ್ರೆಗೆ ಸಾಗಿಸಿದರೂ ಕಾರಣವೇನೆಂದು ವೈದ್ಯರಿಗೆ ತಿಳಿಯದು. ಆದುದರಿಂದಲೇ ರೋಗಿಯ ಒಪ್ಪಿಗೆಯಿಲ್ಲದೆ, ಹೃದಯ ಮತ್ತು ಯಕೃತ್ತಿನ ಪರೀಕ್ಷೆಯಿಲ್ಲದೆ, ಮದ್ಯ ಮುಟ್ಟದೆ ಕನಿಷ್ಠ 12 ಗಂಟೆ ಕಳೆಯದೆ ಇದನ್ನು ಕೊಡಕೂಡದೆಂಬುದು ವೈದ್ಯಶಾಸ್ತ್ರದ ಕಟ್ಟಳೆ.

ಚಟವೋ, ಕಾಯಿಲೆಯೋ?

ಕುಡಿತವನ್ನು ಕೇವಲ ದುರ್ಗುಣವೆಂದು ಹಳಿಯುವುದು ನಮ್ಮ ವಾಡಿಕೆ. ಆದರೆ ಇಂಗ್ಲೆಂಡಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಅಮೆರಿಕದ ಮಿಲ್ಟನ್ ಗ್ರಾಸ್ 1976ರಲ್ಲಿ ಮದ್ಯಾವಲಂಬನೆಯ ಲಕ್ಷಣಗಳನ್ನು ಒಂದು ಕಾಯಿಲೆಯ ರೂಪದಲ್ಲಿ ವಿವರಿಸಿದರು. ಬರಬರುತ್ತ ಹೆಚ್ಚು ಪ್ರಮಾಣ ಬೇಕಾಗುವುದು, ಬಿಟ್ಟರೆ ನಡುಕ, ನಡುಕ ಅಡಗಿಸಲು ಮತ್ತೆ ಕುಡಿತ, ಉಳಿದೆಲ್ಲಕ್ಕಿಂತ ಕುಡಿತವೇ ಮುಖ್ಯವಾಗುವುದು ಇವೇ ಆ ಲಕ್ಷಣಗಳು. ಇದನ್ನು ಗುರುತಿಸಲು ನಾಲ್ಕು ಸರಳ ಪ್ರಶ್ನೆಗಳನ್ನು ವೈದ್ಯರು ಕೇಳುವುದುಂಟು: ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಇತರರು ಆಕ್ಷೇಪಿಸಿದಾಗ ಸಿಟ್ಟು ಬಂದಿದೆಯೇ? ತಪ್ಪು ಮಾಡುತ್ತಿದ್ದೇನೆಂಬ ಅಳುಕು ಕಾಡಿದೆಯೇ? ಬೆಳಗ್ಗೆ ಎದ್ದೊಡನೆ ಕುಡಿಯಬೇಕಾಗಿ ಬಂದಿದೆಯೇ? ಎರಡಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರನ್ನು ಕಾಣುವುದು ಲೇಸು.

ಒಮ್ಮೆಲೇ ನಿಲ್ಲಿಸಿದರೆ?

“ಕೋಣೆಯಲ್ಲಿ ಕೂಡಿಹಾಕಿದರೆ ತಾನಾಗಿ ಬಿಡುತ್ತಾನೆ” ಎನ್ನುವ ಹಿರಿಯರುಂಟು. ಇದೂ ಅಪಾಯದ ಹಾದಿಯೇ. ಮದ್ಯವು ಮಿದುಳನ್ನು ಮಂಕಾಗಿಸುತ್ತದೆ. ಅದನ್ನು ಎದುರಿಸಲು ಮಿದುಳು ತನ್ನ ಚಟುವಟಿಕೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವನ್ನು ತಟ್ಟನೆ ತಪ್ಪಿಸಿದಾಗ ಆ ಚಟುವಟಿಕೆ ಲಗಾಮು ಕಳಚಿದ ಕುದುರೆಯಂತೆ ಕೆರಳುತ್ತದೆ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು; ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್; ಎರಡು ಮೂರು ದಿನಗಳಲ್ಲಿ ಕೆಲವರಿಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪಿ ಬಡಬಡಿಸುವ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಈ ಸನ್ನಿ ಮಾರಕವಾಗಬಹುದು. ಇದನ್ನು ದೆವ್ವದ ಕಾಟವೆಂದು ಬಗೆದು ಮಂತ್ರವಾದಿಯನ್ನು ಕರೆತರುವುದರಲ್ಲಿ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ವೈದ್ಯರು ಕ್ಲೋರ್‌ಡಯಾಜಿಪಾಕ್ಸೈಡ್, ಡಯಾಜಿಪಾಮ್‌ನಂಥ ಔಷಧಗಳಿಂದ ಮಿದುಳನ್ನು ಶಾಂತಗೊಳಿಸಿ, ಕೆಲವು ದಿನಗಳಲ್ಲಿ ಅವನ್ನು ಕ್ರಮವಾಗಿ ಇಳಿಸುತ್ತಾರೆ. ಇವುಗಳಿಗೂ ಚಟ ಹತ್ತುವುದರಿಂದ ಔಷಧದಂಗಡಿಯಿಂದ ತಾವೇ ತಂದು ಕೊಡಬಾರದು. ಜೊತೆಗೆ ಥಯಮಿನ್, ಎಂದರೆ ಬಿ-1 ಜೀವಸತ್ವ ಅತ್ಯಗತ್ಯ. ಇದರ ಕೊರತೆಯಿಂದ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದು.

ದೇಹ ಸ್ಥಿಮಿತಕ್ಕೆ ಬಂದ ಬಳಿಕ ಮರಳಿ ಕುಡಿಯದಂತೆ ನೋಡಿಕೊಳ್ಳುವುದು ಎರಡನೆಯ ಹಂತ. ಕುಡಿತದ ಸುಖವನ್ನೂ ಹಂಬಲವನ್ನೂ ತಗ್ಗಿಸುವ ನಾಲ್‌ಟ್ರೆಕ್ಸೋನ್ ಮತ್ತು ಬಿಟ್ಟವರು ಬಿಟ್ಟೇ ಇರಲು ನೆರವಾಗುವ ಅಕಾಂಪ್ರೊಸೇಟ್ ಇಂದು ಲಭ್ಯವಿವೆ. ಡೈಸಲ್ಫಿರಾಮ್‌ಗೂ ಸ್ಥಾನವಿದೆ, ಆದರೆ ರೋಗಿಯೇ ಒಪ್ಪಿ, ಮನೆಯವರೆದುರು ಬಹಿರಂಗವಾಗಿ ನುಂಗಿದಾಗ ಮಾತ್ರ. ಔಷಧದೊಂದಿಗೆ ಆಪ್ತಸಲಹೆಯೂ, 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ನಂಥ ಕೂಟಗಳ ಸಹವಾಸವೂ ಬಲ ಕೊಡುತ್ತವೆ. ಒಮ್ಮೆ ಮರಳಿ ಕುಡಿದನೆಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ಸಕ್ಕರೆ ಕಾಯಿಲೆ ಏರಿದಾಗ ಮತ್ತೆ ವೈದ್ಯರ ಬಳಿ ಹೋಗುವಂತೆಯೇ ಇಲ್ಲಿಯೂ ಹೋಗಬೇಕು.

ನಮ್ಮ ಮಾತಿನಲ್ಲಿ ನೆರವು

ಗಡಿಯಾಚೆಯ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಮಲಯಾಳ, ತಮಿಳು, ಮರಾಠಿ ಇಲ್ಲವೇ ತೆಲುಗಿನಲ್ಲಿ ವ್ಯವಹಾರ ನಡೆಸಬಲ್ಲವರಿಗೂ ಮನಸ್ಸಿನ ನೋವನ್ನು ತೋಡಿಕೊಳ್ಳಲು ತಾಯ್ನುಡಿಯೇ ಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ ಕನ್ನಡವೂ ಇದೆ. 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮನೋವ್ಯಥೆಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿದೆ. ಚಿಕಿತ್ಸೆಗೆ ರೋಗಿಯ ತಿಳಿವಳಿಕೆಯ ಒಪ್ಪಿಗೆಯನ್ನೂ ಎತ್ತಿಹಿಡಿದಿದೆ.

ಸೋದರಿಯರೇ, ಕಾಫಿಯ ಲೋಟಕ್ಕೆ ಪುಡಿ ಬೆರೆಸುವ ಮುನ್ನ ಒಂದು ಗಳಿಗೆ ನಿಲ್ಲಿ. ಅವರು ಕುಡಿಯದೆ ಇರುವ ಮುಂಜಾನೆ, ಅದೇ ಕಾಫಿಯನ್ನು ಏನನ್ನೂ ಬೆರೆಸದೆ ಮುಂದಿಟ್ಟು, “ನಾಳೆ ಡಾಕ್ಟರ ಬಳಿ ಹೋಗೋಣ, ನಾನೂ ಬರುತ್ತೇನೆ” ಎಂದು ಹೇಳಿ ನೋಡಿ. ಮೊದಲ ದಿನವೇ ಒಪ್ಪಿಗೆ ಸಿಗದಿರಬಹುದು, ಮತ್ತೆ ಹೇಳಿ. ಚಿಕಿತ್ಸೆಯ ಬಾಗಿಲು ತೆರೆಯುವುದು ಆ ಮಾತಿನಿಂದಲೇ.