ಸಭೆಯ ಕಣ್ಣು ತೆರೆಸಿದ ಭೂಪಟ

ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಇಂಗ್ಲೆಂಡಿನ ಮೌಲ್ಟನ್ ಎಂಬ ಹಳ್ಳಿಯಲ್ಲಿ ಒಬ್ಬ ಬಡ ಮೇಷ್ಟ್ರು ಇದ್ದರು. ಮಕ್ಕಳಿಗೆ ಪಾಠ, ಹೊಟ್ಟೆಪಾಡಿಗೆ ಬೂಟು ಹೊಲಿಗೆ, ಭಾನುವಾರ ಪುಟ್ಟ ಬ್ಯಾಪ್ಟಿಸ್ಟ್ ಸಭೆಗೆ ಉಪದೇಶ. ಅವರ ಕೆಲಸದ ಕೋಣೆಯ ಗೋಡೆಯ ಮೇಲೆ, ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ತಯಾರಿಸಿದ ದೊಡ್ಡ ಭೂಪಟವಿತ್ತು. ಒಂದೊಂದು ದೇಶದ ಮೇಲೂ ಅಲ್ಲಿನ ಜನಸಂಖ್ಯೆ, ಧರ್ಮ ಮೊದಲಾದ ವಿವರಗಳನ್ನು ಬರೆಯಲಾಗಿತ್ತು. ಆ ಮೇಷ್ಟ್ರೇ ವಿಲಿಯಂ ಕೇರಿ (1761-1834).

ತಾವು ನಂಬಿದ ಸುವಾರ್ತೆಯನ್ನು ಲೋಕದ ಇತರರಿಗೂ ತಿಳಿಸುವುದು ಪ್ರತಿಯೊಂದು ಸಭೆಯ ಕರ್ತವ್ಯವೆಂಬುದು ಅವರ ವಾದ. ಹಿರಿಯರು ಹಲವರು ಇದನ್ನು ಒಪ್ಪಲಿಲ್ಲ. ಯೇಸುವಿನ ಆ ಆಜ್ಞೆ ಮೊದಲ ಶಿಷ್ಯರಿಗೆ ಮಾತ್ರ. ಯಾರನ್ನು ಉದ್ಧರಿಸಬೇಕೆಂಬುದು ದೇವರಿಗೇ ಗೊತ್ತು. ಮನುಷ್ಯರ ಪ್ರಯತ್ನ ಏಕೆ ಎಂಬುದು ಅವರ ನಿಲುವಾಗಿತ್ತು.

ಇಂಥವರನ್ನು ಒಪ್ಪಿಸುವುದು ಹೇಗೆ? ಕೇರಿಯವರು ಅಂಕಿ-ಅಂಶಗಳ ಮೊರೆಹೊಕ್ಕರು. 1792ರಲ್ಲಿ ಅವರು 87 ಪುಟಗಳ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ದೇಶದೇಶಗಳ ಉದ್ದ, ಅಗಲ, ಜನಸಂಖ್ಯೆ, ಧರ್ಮಗಳನ್ನು ತಿಳಿಸುವ ಕೋಷ್ಟಕಗಳು ಅದರಲ್ಲಿದ್ದವು. ದೂರ, ಪ್ರಾಣಭಯ, ಗೊತ್ತಿಲ್ಲದ ಭಾಷೆ ಎಂಬ ಒಂದೊಂದು ಆಕ್ಷೇಪಣೆಗೂ ಉತ್ತರವಿತ್ತು. ಲಾಭಕ್ಕಾಗಿ ವ್ಯಾಪಾರಿಗಳು ಸಮುದ್ರ ದಾಟುವುದಿಲ್ಲವೇ ಎಂದು ಅವರು ಕೇಳಿದರು. ಕೊನೆಯಲ್ಲಿ ಸಾಮಾನ್ಯರೂ ಮಾಡಬಹುದಾದ ಕೆಲಸವನ್ನು ಸೂಚಿಸಿದರು: ಎಲ್ಲರೂ ಕೂಡಿ ಪ್ರಾರ್ಥಿಸುವುದು, ವಾರಕ್ಕೊಂದು ಪೆನ್ನಿಯಾದರೂ ಕೊಡುವುದು.

ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಊರಿನ ಮನೆಯೊಂದರಲ್ಲಿ ಕೆಲವೇ ಬೋಧಕರು ಸೇರಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಸ್ಥಾಪಿಸಿದರು. ಅಂದು ಅವರು ಕೊಡುವುದಾಗಿ ಬರೆಸಿದ ಹಣ 13 ಪೌಂಡು, 2 ಷಿಲಿಂಗ್, 6 ಪೆನ್ಸ್ ಮಾತ್ರ! ಆಂಡ್ರ್ಯೂ ಫುಲ್ಲರ್ ಇಂಗ್ಲೆಂಡಿನಲ್ಲೇ ಉಳಿದು, ಸಭೆಯಿಂದ ಸಭೆಗೆ ಅಲೆದು ಹಣ ಕೂಡಿಸಿದರು. ಇತರರಿಗೆ ಹೇಳಿದ್ದನ್ನು ಕೇರಿಯವರು ತಾವೇ ಮಾಡಿ ತೋರಿಸಿದರು. 1793ರ ನವೆಂಬರಿನಲ್ಲಿ ಅವರು ಬಂಗಾಳಕ್ಕೆ ಬಂದಿಳಿದರು.

ಫಲ ಮಾತ್ರ ಬೇಗ ಕಾಣಲಿಲ್ಲ. ಬಡಗಿ ಕೃಷ್ಣಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ, ಅಂದರೆ ಏಳು ವರ್ಷಗಳ ನಂತರ. ಅಷ್ಟರಲ್ಲಿ ಕುಟುಂಬ ತೆತ್ತ ಬೆಲೆಯೂ ದೊಡ್ಡದು. ಪತ್ನಿ ಡೊರೊತಿಗೆ ಈ ಪ್ರಯಾಣ ಮೊದಲು ಇಷ್ಟವಿರಲಿಲ್ಲ. 1794ರಲ್ಲಿ ಮಗ ಪೀಟರ್ ತೀರಿಕೊಂಡ. ಆಕೆಯ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. 1807ರಲ್ಲಿ ಸಾಯುವವರೆಗೂ ಅದು ಸರಿಹೋಗಲಿಲ್ಲ. ಸೇವೆಗೆ ಹುರಿದುಂಬಿಸುವವರು ಮನೆಯವರ ಮನಸ್ಸನ್ನೂ ಕೇಳಬೇಕೆಂಬ ಪಾಠ ಇಲ್ಲಿದೆ.

ಜನರೊಡನೆ ಮಾತನಾಡಬೇಕಾದರೆ ಜನರ ಭಾಷೆ ಬೇಕು. ಆದ್ದರಿಂದ ಕೇರಿಯವರು ಸಂಗಡಿಗರಾದ ಮಾರ್ಷ್‌ಮನ್, ವಾರ್ಡ್ ಜೊತೆ ಶ್ರೀರಾಮಪುರದಲ್ಲಿ ನೆಲೆನಿಂತು ಮುದ್ರಣಾಲಯ ನಡೆಸಿದರು. ಭಾರತದ ಹಲವು ಭಾಷೆಗಳ ಪುಸ್ತಕಗಳು ಅಲ್ಲಿ ಅಚ್ಚಾದವು. 1817ರಲ್ಲಿ ಅವರ ಕನ್ನಡ ವ್ಯಾಕರಣವೂ ಹೊರಬಂತು. ಅವರು ಸಸ್ಯಶಾಸ್ತ್ರದಲ್ಲೂ ಪರಿಣತರು. ನಮ್ಮ ಕಾಡುಗಳ ಕವಲು ಮರದ ವೈಜ್ಞಾನಿಕ ಹೆಸರು ‘ಕೇರಿಯಾ ಆರ್ಬೋರಿಯಾ’. ಅದು ಅವರದೇ ನೆನಪು.

1812ರಲ್ಲಿ ಆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ದುಡಿದ ಹಸ್ತಪ್ರತಿಗಳು, ಅಚ್ಚಿನ ಮೊಳೆಗಳು ನಾಶವಾದವು. ಸುದ್ದಿ ತಲುಪಿದ ಸುಮಾರು ಎರಡು ತಿಂಗಳೊಳಗೆ ಬ್ರಿಟನ್ನಿನ ಜನ ಹತ್ತು ಸಾವಿರ ಪೌಂಡಿನಷ್ಟು ಹಣ ಕೂಡಿಸಿದರು. ಹದಿಮೂರು ಪೌಂಡಿನಿಂದ ಹೊರಟ ಕೆಲಸ ಇಪ್ಪತ್ತು ವರ್ಷಗಳಲ್ಲಿ ಸಭೆಗಳ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಇದೇ ಸಾಕ್ಷಿ.

ಸಭೆಯೊಂದು ಹೊರಗಿನ ಲೋಕದತ್ತ ಮುಖಮಾಡಬೇಕೆಂದು ಬಯಸುವವರಿಗೆ ಕೇರಿಯವರ ದಾರಿ ಇಂದಿಗೂ ಅನುಕರಣೀಯ. ಮೊದಲು ತಿಳಿಯಬೇಕು, ಆಮೇಲೆ ತಿಳಿಸಬೇಕು. ಎಲ್ಲರ ಕೈಲಾಗುವ ಒಂದು ಸಣ್ಣ ಕೆಲಸವನ್ನು ಎಲ್ಲರಿಗೂ ಹಂಚಬೇಕು. ಹೋದಲ್ಲಿ ಅಲ್ಲಿನವರ ಮಾತನ್ನು ಗೌರವದಿಂದ ಕಲಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹೋಗಿ ಎನ್ನುವವರು ತಾವೂ ಹೊರಡಲು ಸಿದ್ಧರಿರಬೇಕು.