ಆನೆ ಬಂದರೆ ಮಿನುಗುವ ದೀಪ

ವಿಡಿಯೊ ಗೇಮ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಪರದೆಯ ಮೂಲೆಯ ಪುಟ್ಟ ನಕ್ಷೆ. ಗೋಡೆಯಾಚೆ ಯಾರಿದ್ದಾರೆಂದು ಅದು ಮೊದಲೇ ತೋರಿಸುತ್ತದೆ. ಕಾದಾಡುವುದೋ ದಾರಿ ಬದಲಿಸುವುದೋ ಆಟಗಾರನಿಗೆ ಬಿಟ್ಟದ್ದು. ಆನೈಮಲೈ ಬೆಟ್ಟಗಳ ಮೇಲಿನ ವಾಲ್ಪಾರೈಯಲ್ಲಿ ಇಂಥದೇ ಉಪಾಯ ಜೀವ ಕಾಯುತ್ತಿದೆ.

ಸುಮಾರು 220 ಚದರ ಕಿಲೋಮೀಟರಿನ ಈ ಪ್ರಸ್ಥಭೂಮಿಯ ತುಂಬ ಚಹಾ, ಕಾಫಿ ತೋಟಗಳು; ಸುತ್ತ ಕಾಡು. ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ಆನೆಗಳು ತೋಟ ದಾಟಲೇಬೇಕು. ಕತ್ತಲಲ್ಲಿ ಬಸ್ಸಿಳಿದು ಲೈನ್‌ಮನೆಗೆ ನಡೆಯುವ ಕಾರ್ಮಿಕರು ಅವಕ್ಕೆ ಎದುರಾಗಿ ಸತ್ತದ್ದುಂಟು. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಮೊದಲು ಊರಿನ ಕೇಬಲ್ ಟಿವಿಯಲ್ಲಿ ಆನೆಗಳಿರುವ ಜಾಗ ತಿಳಿಸಿದರು. 2011ರಿಂದ ಎಸ್‌ಎಂಎಸ್ ಹೋಗತೊಡಗಿತು. ಆನೆ ಹೆಚ್ಚು ಓಡಾಡುವ ಕಡೆ ಕೆಂಪು ಎಲ್‌ಇಡಿ ದೀಪಗಳೂ ಬಂದವು. ಮೊಬೈಲಿನಿಂದ ಕರೆ ಹೋದರೆ ದೀಪ ಮಿನುಗುತ್ತದೆ. ಈ ಕೆಲಸಕ್ಕಾಗಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ದುಬಾರಿ ಸ್ಮಾರ್ಟ್‌ಫೋನ್ ಬೇಡವೆಂಬುದೇ ನನಗೆ ಇದರ ಮೇಲಿರುವ ಅಭಿಮಾನಕ್ಕೆ ಕಾರಣ. 1997ರಲ್ಲಿ ಹಾವಿನ ಆಟ ಹೊತ್ತು ಬಂದ ನೋಕಿಯಾ 6110ರಂಥ ಗುಂಡಿ ಫೋನಿಗೂ ಎಸ್‌ಎಂಎಸ್ ಬರುತ್ತದೆ, ಡೇಟಾ ಬೇಕಿಲ್ಲ. ಓದಲು ಬಾರದವರಿಗೆ ದೂರದಿಂದಲೇ ದೀಪ ಕಾಣುತ್ತದೆ. ಆಟ ಮಾಡುವವರೂ ಆ್ಯಪ್ ಮಾಡುವವರೂ ಒಮ್ಮೆ ಇಲ್ಲಿಗೆ ಬಂದು ನೋಡಲಿ ಎಂಬುದು ನನ್ನಾಸೆ. ಆನೆಯನ್ನು ಓಡಿಸಲು ಇಲ್ಲಿ ಪಟಾಕಿ ಹಚ್ಚಬೇಕಿಲ್ಲ. ದೀಪ ಉರಿದರೆ ಜನ ಬೇರೆ ದಾರಿ ಹಿಡಿಯಬಹುದು, ಇಲ್ಲವೇ ಕಾಯಬಹುದು.