ನಾಲ್ಕು, ಐದು ಮತ್ತು ಹಿತ್ತಾಳೆ ಬಳೆ

“ಐದು ನಂಬರಿಂದ ಹಾಕೋಣ್ರೀ ಸಾಹೇಬ್ರ. ನಾಕಕ್ಕಿಂತ ಐದು ಛಲೋ ಅಲ್ರೀ?”

ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಮಿಸ್ತ್ರಿ ಹೀಗೆಂದಾಗ ನಾನೂ ಹೂಂ ಅಂದೆ. ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ಫೋರ್ ವ್ಹೀಲ್ ಜೀಪು ಅದು. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಮುಂದಿನ ಮತ್ತು ಹಿಂದಿನ ಆಕ್ಸಲ್ ಹೌಸಿಂಗು, ನಾಲ್ಕಕ್ಕೂ ಒಂದೇ ಡಬ್ಬಿಯ ಎಣ್ಣೆ ಇಳಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೆಕೆಂಡ್ ಗೇರು ಕರಕರ ಎನ್ನತೊಡಗಿತು. ಬಾಕ್ಸ್ ಬಿಚ್ಚಿದಾಗ ಒಳಗಿನ ಹಿತ್ತಾಳೆ ಬಳೆಗಳು ಕಪ್ಪಾಗಿ ಸವೆದಿದ್ದವು. ಬಳೆಗಳಿಗೆ ಮೊದಲೇ ವಯಸ್ಸಾಗಿತ್ತು, ನಿಜ. ಆದರೆ ಆ ಎಣ್ಣೆ ಅವುಗಳದ್ದಲ್ಲ ಎಂದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ನಮ್ಮ ಕಡೆಯ ಚಕ್ಕಡಿಗಳಿಗೆ ಔಡಲೆಣ್ಣೆಯೇ ಕೀಲೆಣ್ಣೆಯಾಗಿ ಸಾಕಾಗುತ್ತಿತ್ತು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಔಡಲೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಮೊದಮೊದಲ ಮೋಟಾರು ಗೇರುಗಳೂ ದಪ್ಪ ಎಣ್ಣೆಯೊಂದಿದ್ದರೆ ತಿರುಗುತ್ತಿದ್ದವು. ಇದು ಬದಲಾದದ್ದು 1926ರಲ್ಲಿ. ಅಮೆರಿಕದ ಪ್ಯಾಕಾರ್ಡ್ ಕಂಪನಿ ಹೈಪಾಯ್ಡ್ ಗೇರನ್ನು ಕಾರಿನ ಹಿಂದಿನ ಆಕ್ಸಲ್‌ಗೆ ತಂದಿತು. ಇದರಲ್ಲಿ ಪಿನಿಯನ್ನು ಕ್ರೌನ್ ಚಕ್ರದ ನಡುಮಧ್ಯಕ್ಕೆ ಬರದೆ ತುಸು ಕೆಳಗೆ ಕೂರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳಿಯಿತು, ಕಾರಿನ ನೆಲವೂ ತಗ್ಗಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಬರೀ ಉರುಳುವ ಬದಲು, ಭಾರೀ ಒತ್ತಡದಲ್ಲಿ ಉಜ್ಜಿಕೊಂಡು ಜಾರತೊಡಗಿದವು. ಹಳೆಯ ಎಣ್ಣೆ ಅಲ್ಲಿ ನಿಲ್ಲಲಿಲ್ಲ.

ಹಾಗಾಗಿ ಎಣ್ಣೆಗೆ ಗಂಧಕ ಸೇರಿತು, ಆಮೇಲೆ ರಂಜಕ. ಗೇರ್ ಆಯಿಲ್ ಡಬ್ಬಿ ತೆರೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಈ ಗಂಧಕದ್ದೇ. ಹಲ್ಲುಗಳು ಉಜ್ಜಿ ಬಿಸಿಯಾದಾಗ ಇವು ಉಕ್ಕಿನೊಂದಿಗೆ ಬೆರೆತು ತೆಳುವಾದ ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಉಕ್ಕು ಉಳಿಯುತ್ತದೆ. ಈ ಕೆಲಸಕ್ಕಾಗಿ ಗಂಧಕ ಬೆರೆಸಿದ ತಿಮಿಂಗಿಲದ ಎಣ್ಣೆಯನ್ನೂ ದಶಕಗಳ ಕಾಲ ಬಳಸಿದರು. 1970ರಲ್ಲಿ ಅಮೆರಿಕ ಆ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆಯೇ ಅಲ್ಲಿ ಅದು ನಿಂತದ್ದು. ಒಂದು ಗೇರಿನ ಹಲ್ಲಿಗಾಗಿ ಎಷ್ಟು ದೂರ ಕೈ ಚಾಚಿದ್ದೆವು ಎಂದು ನೆನೆದರೆ ಸಂಕಟವಾಗುತ್ತದೆ.

ಮಿಸ್ತ್ರಿ ಹೇಳಿದ ಐದು ನಂಬರು, ಅಂದರೆ ಜಿಎಲ್-5, ಈ ಹೈಪಾಯ್ಡ್ ಗೇರಿನ ಕಷ್ಟಕ್ಕೆ ಹುಟ್ಟಿದ ಎಣ್ಣೆ. ಅದರ ಬೇರು 1962ರ ಅಮೆರಿಕನ್ ಸೇನೆಯ ಒಂದು ಮಾನದಂಡದಲ್ಲಿದೆ. ಜಿಎಲ್-4ರಲ್ಲಿ ಆ ಗಂಧಕ-ರಂಜಕದ ಪ್ರಮಾಣ ಸುಮಾರು ಅರ್ಧ. ಹೀಗಿರುವಾಗ ಐದು ಎನ್ನುವುದು ನಾಲ್ಕರ ಮುಂದಿನ ತರಗತಿಯಲ್ಲ. ಅದು ಬೇರೆಯೇ ಗೇರಿನ ಎಣ್ಣೆ. ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ಸಿಂಕ್ರೋ ಬಳೆಗೆ ಬೇಕಾದದ್ದು ಹಿಡಿತ. ಅದು ಗೇರನ್ನು ತುಸು ಉಜ್ಜಿ ಹಿಡಿದು ವೇಗ ಸರಿದೂಗಿಸಿದರೆ ಮಾತ್ರ ಗೇರು ಸದ್ದಿಲ್ಲದೆ ಬೀಳುತ್ತದೆ. ಎಣ್ಣೆ ಅತಿಯಾಗಿ ಜಾರಿದರೆ ಬಳೆ ಹಿಡಿಯುವುದಿಲ್ಲ. ಮೇಲಾಗಿ ಗಂಧಕ ಹಿತ್ತಾಳೆಯೊಳಗಿನ ತಾಮ್ರವನ್ನೂ ಬಿಡುವುದಿಲ್ಲ. ಪೊರೆ ಕಿತ್ತು ಬರುವಾಗ ಹಿತ್ತಾಳೆಯನ್ನೂ ಕಿತ್ತುಕೊಂಡೇ ಬರುತ್ತದೆ.

ವಿಲ್ಲೀಸ್ ಜೀಪು 1949ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ಮಹೀಂದ್ರಾದವರ ಕೈಯಲ್ಲಿ ಜೋಡಣೆಯಾಗತೊಡಗಿದಾಗ ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಆ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಎರಡು ಮತ್ತು ಮೂರನೆಯ ಗೇರಿಗೆ ಮಾತ್ರ ಸಿಂಕ್ರೋ ಇತ್ತು. ಅದರ ಟ್ರಾನ್ಸ್‌ಫರ್ ಕೇಸಿನಲ್ಲೂ ಕಂಚಿನ ವಾಷರುಗಳಿದ್ದವು. ಆಕ್ಸಲ್‌ಗಳಲ್ಲಿ ಮಾತ್ರ ಹೈಪಾಯ್ಡ್. ಒಂದೇ ಗಾಡಿಯ ಹೊಟ್ಟೆಯಲ್ಲಿ ಎರಡು ಬಗೆಯ ಗೇರು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ಇದೇ ಲೆಕ್ಕ: ಬಾಕ್ಸಿಗೆ, ಟ್ರಾನ್ಸ್‌ಫರ್ ಕೇಸಿಗೆ ನಾಲ್ಕು; ಎರಡೂ ಹೌಸಿಂಗಿಗೆ ಐದು. ಹಿತ್ತಾಳೆಗೂ ಒಗ್ಗುತ್ತದೆಂದು ತಯಾರಕರು ಹೇಳುವ ಎಣ್ಣೆಗಳು ಈಗ ಇವೆ. ಸಿಂಕ್ರೋ ಗೇರ್‌ಬಾಕ್ಸಿಗೆ ಸಲ್ಲುತ್ತದೆ ಎಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅವನ್ನು ಬಾಕ್ಸಿಗೆ ಹಾಕಬೇಕು.

ಇನ್ನು “ನೈಂಟಿ ಆಯಿಲ್”. 90 ಎಂದರೆ 40ರ ಎಂಜಿನ್ ಆಯಿಲಿನ ಎರಡುಪಟ್ಟು ದಪ್ಪ ಎಂದು ಬಹಳ ಜನ ನಂಬಿದ್ದಾರೆ. ಎರಡರ ಅಳತೆಗೋಲೇ ಬೇರೆ. ಗೇರಿನ 90 ಎಂಜಿನ್ನಿನ 40-50ರ ಆಸುಪಾಸಿನದು. 80ಡಬ್ಲ್ಯು, 75ಡಬ್ಲ್ಯು ಎಂಬುದು ಚಳಿಯ ಲೆಕ್ಕ. 80ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಧಾರವಾಡದ ಮಾಗಿಯ ಚಳಿಗೆ 80ಡಬ್ಲ್ಯು-90 ಧಾರಾಳವಾಯಿತು. ದುಬಾರಿ ಡಬ್ಬಿಗೆ ಕೊಡುವ ದುಡ್ಡನ್ನು ಆಯಿಲ್ ಸೀಲಿಗೆ ಕೊಡುವುದೇ ಮೇಲು ಎನ್ನುತ್ತೇನೆ.

ಏಕೆಂದರೆ ನಮ್ಮಲ್ಲಿ ಕಾಟ ಕೊಡುವುದು ಚಳಿಯಲ್ಲ, ನೀರು. ಬೆಣ್ಣೆಹಳ್ಳ ಉಕ್ಕಿ ನವಲಗುಂದದ ಎರೆಹೊಲಗಳ ದಾರಿ ಮುಚ್ಚಿದಾಗ ಜನ ಫೋರ್ ವ್ಹೀಲ್ ನಂಬಿ ನೀರಿಗಿಳಿಯುತ್ತಾರೆ. ಓಡಿ ಕಾದ ಹೌಸಿಂಗು ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇರುವ ಬ್ರೀದರ್ ಕಟ್ಟಿದ್ದರೆ ಹೌಸಿಂಗು ಸೀಲಿನ ಸಂದಿಯಿಂದ ನೀರನ್ನು ಒಳಗೆ ಸೇದಿಕೊಳ್ಳುತ್ತದೆ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತೆಂದರೆ ನಾಲ್ಕೋ ಐದೋ ಎಂಬ ಮಾತೇ ಉಳಿಯಲಿಲ್ಲ, ಅದೇ ವಾರ ಇಳಿಸಲೇಬೇಕು.

ಹೊಸ ಬಳೆ ಹಾಕಿಸಿದ ದಿನ ಅದೇ ಮಿಸ್ತ್ರಿ ಜೀಪಿನಡಿ ಮಲಗಿ, ಕೆಳಗಿನ ಪ್ಲಗ್ಗು ಮುಟ್ಟದೆ ಮೊದಲು ಮೇಲಿನ ಫಿಲ್ಲರ್ ಪ್ಲಗ್ಗಿಗೆ ಪಾನಾ ಹಾಕಿದ. ಯಾಕಪ್ಪ ಅಂದೆ. “ಇದು ಜಾಮ್ ಆಗಿದ್ರ, ಎಣ್ಣಿ ಇಳಿಸಿದ ಮ್ಯಾಲ ಎಲ್ಲಿಂದ ತುಂಬತೀರಿ ಸಾಹೇಬ್ರ?” ಪಕ್ಕದಲ್ಲಿ ಎರಡು ಡಬ್ಬಿ ಇಟ್ಟುಕೊಂಡಿದ್ದ. ಒಂದರ ಮೇಲೆ ಸೀಮೆಸುಣ್ಣದಲ್ಲಿ ‘ಬಾಕ್ಸ್’, ಇನ್ನೊಂದರ ಮೇಲೆ ‘ಹೌಸಿಂಗ್’ ಎಂದು ಬರೆದಿತ್ತು.